ತೊಳೆದ ಮೇಲೂ ಆರದ ದೀಪ

ಅಕ್ಕನ ಮಗಳಿಗೆ ಬೆವರು ಬರುತ್ತಿರಲಿಲ್ಲ. ಹೀಗೆಂದು ಹೇಳಿದರೆ ಕೇಳಿದವರು ಮೊದಲು ನಕ್ಕುಬಿಡುತ್ತಿದ್ದರು. ಜಗಳೂರಿನಂಥ ಊರಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಬೆವರದೆ ಇರುವುದು ಅವರಿಗೆ ಭಾಗ್ಯದಂತೆ ತೋರುತ್ತಿತ್ತು. ಹುಟ್ಟಿದಾಗಿನಿಂದ ಮಗುವಿನ ಚರ್ಮ ಒಣಗಿದ ಹಾಗೇ ಇತ್ತು. ಕೂದಲು ತೆಳು. ಹಲ್ಲು ಬಂದದ್ದು ತಡವಾಗಿ, ಅದೂ ಅಲ್ಲೊಂದು ಇಲ್ಲೊಂದು. ಬಿಸಿಲೇರಿದರೆ ಮೈ ಕಾದು ಕೆಂಪಾಗುತ್ತಿತ್ತು, ಮಾತು ನಿಲ್ಲುತ್ತಿತ್ತು. ಜ್ವರದ ಮಾತ್ರೆಗೆ ಅದು ಇಳಿಯುತ್ತಿರಲಿಲ್ಲ. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ಬಿಡಿಸಿ ಹೇಳಿದರು: ಇದು ಜ್ವರವಲ್ಲ, ಮಗುವಿನ ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ, ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಇದಕ್ಕೆ ಔಷಧವಿಲ್ಲ. ತಂಪಾಗಿಡಿ, ಅಷ್ಟೆ.

ಅಷ್ಟೆ ಎನ್ನುವುದು ದಾವಣಗೆರೆಯ ಫ್ಯಾನಿನ ಕೆಳಗೆ ಕುಳಿತು ಹೇಳಿದ ಮಾತು. ಜಗಳೂರಿಗೆ ಬಂದ ಮೇಲೆ ಅದು ಅಕ್ಕನ ಇಡೀ ದಿನವಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒದ್ದೆ ಪಂಚೆ, ಒದ್ದೆ ಟವೆಲು, ಬೀಸಣಿಗೆ. ಹಾಗಿದ್ದೂ ಹಿಂದಿನ ಬೇಸಿಗೆಯ ಒಂದು ಮಧ್ಯಾಹ್ನ ಮಗುವಿಗೆ ಫಿಟ್ಸ್ ಬಂದಿತ್ತು. ಇನ್ನೊಮ್ಮೆ ಹಾಗಾದರೆ ಮಿದುಳಿಗೆ ಪೆಟ್ಟು ಬೀಳಬಹುದು, ಜೀವದ ಬಗ್ಗೆಯೂ ಏನೂ ಹೇಳಲಾಗದು ಎಂದು ಡಾಕ್ಟರು ಭಾವನಿಗೆ ಮಾತ್ರ ಹೇಳಿದ್ದರು. ಭಾವ ಅದನ್ನು ಅಕ್ಕನಿಗೆ ಹೇಳಿದರು. ಅಕ್ಕ ನನಗೆ ಹೇಳಿದಳು, ಅದೂ ಸೊಪ್ಪು ಸೋಸುತ್ತ, ತಲೆಯೆತ್ತದೆ.

ಆ ಮನೆಗೆ ಏಸಿ ಬಂದದ್ದು ಈ ಕಾರಣಕ್ಕೆ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಗಲ್ಫಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಭಾವನ ತಮ್ಮ ರಜೆಗೆ ಬರುವಾಗ ತನಗಾಗಿ ಏನನ್ನೂ ಕೊಳ್ಳದೆ ಹಡಗಿನಲ್ಲಿ ಅದನ್ನು ತಂದಿದ್ದ. ದಾವಣಗೆರೆಯ ಅಂಗಡಿಯೊಂದರ ಫಿಟ್ಟರ್ ಬಂದು ಬೀದಿ ಬದಿಯ ಕೋಣೆಯ ಕಿಟಕಿ ಒಡೆದು ಅದನ್ನು ಕೂರಿಸಿ ಹೋಗಿದ್ದ. ಅದರ ಪಕ್ಕದಲ್ಲಿ ವೋಲ್ಟೇಜ್ ಹಿಡಿದಿಡುವ ದೊಡ್ಡ ಸ್ಟೆಬಿಲೈಸರ್ ಪೆಟ್ಟಿಗೆ, ಸದಾ ಗುಂಯ್‌ಗುಡುವಂಥದ್ದು. ಮಳೆಗಾಲ ಹತ್ತಿರವಿದ್ದುದರಿಂದ ಆ ವರ್ಷ ಅದನ್ನು ಹೆಚ್ಚು ಓಡಿಸಿರಲಿಲ್ಲ. ಅದರ ನಿಜವಾದ ಮೊದಲ ಬೇಸಿಗೆ ನಾನು ಜಗಳೂರಿಗೆ ಬಂದ ವರ್ಷದ್ದೇ.

ನಾನಾಗ ನ್ಯಾಮತಿಯ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಸಿಕ್ಕ ತಾತ್ಕಾಲಿಕ ಕೆಲಸ ಅದು. ಹೊನ್ನಾಳಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪರೀಕ್ಷೆಗಳು ಮುಗಿದು ರಜೆ ಸಿಕ್ಕಿತ್ತು. ಅದೇ ಹೊತ್ತಿಗೆ ಭಾವ ಇಲಾಖೆಯ ತರಬೇತಿಗೆಂದು ಮೈಸೂರಿಗೆ ಹೋಗಬೇಕಾಯಿತು. ಅಕ್ಕನೊಬ್ಬಳೇ ಆಗುತ್ತಾಳೆ, ಯಾರನ್ನಾದರೂ ಕಳಿಸಿ ಎಂದು ಅವರು ನಮ್ಮ ಬೀದಿಯ ಔಷಧಿ ಅಂಗಡಿಗೆ ಫೋನು ಮಾಡಿ ಹೇಳಿದರು.

"ನೀನೇ ಹೋಗು. ನಿಂಗೆ ಕರೆಂಟಿನ ವಿಷ್ಯ ಗೊತ್ತೈತೆ" ಎಂದಳು ಅಮ್ಮ.

"ನಾನು ಓದಿರೋದು ಬೇರೆ ಕಣಮ್ಮ."

"ಅದ್ರಾಗೆ ಕರೆಂಟು ಬರಲ್ವ?"

"ಬರುತ್ತೆ."

"ಮತ್ತೆ?"

ಮರುದಿನವೇ ಹೊರಟೆ. ಬಸ್ಸಿನಲ್ಲಿ ದಾವಣಗೆರೆ ದಾಟಿ ಬಯಲು ಬಿಳಿಚಿಕೊಳ್ಳುತ್ತ ಹೋದಂತೆ, ಕುರಿ ಮಂದೆಗಳೂ ಜಾಲಿಯ ಕಡ್ಡಿ ನೆರಳಿಗೆ ತಲೆ ತೂರಿಸಿ ನಿಂತದ್ದನ್ನು ಕಂಡಾಗ, ನನಗೆ ಒಂದೇ ಯೋಚನೆ: ಆ ಯಂತ್ರಕ್ಕೆ ಏನಾದರೂ ಆದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಅಕ್ಕನ ಮನೆಯಲ್ಲಿ ಆಗ ಇದ್ದವರು ಅಕ್ಕ, ಮಗು ಮತ್ತು ಅಕ್ಕನ ಮಾವ. ಅವರನ್ನು ನಾನೂ ಮಾವ ಎಂದೇ ಕರೆಯುತ್ತಿದ್ದೆ. ಎತ್ತರದ ಆಳು, ಕಡಿಮೆ ಮಾತು. ಊರ ಹೊರಗೆ ಅವರಿಗೆ ಬೋರ್‌ವೆಲ್ ಇದ್ದ ಶೇಂಗಾ ಹೊಲವಿತ್ತು. ಬೆಳಿಗ್ಗೆ ಹೊಲಕ್ಕೆ ಹೋಗಿ ಬಿಸಿಲೇರುವ ಮೊದಲು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಏಸಿ ಇದ್ದ ಕೋಣೆಗೆ ಮಾತ್ರ ಬರುತ್ತಿರಲಿಲ್ಲ. ಬಾಗಿಲು ತೆಗೆದರೆ ತಂಪು ಹೋಗುತ್ತದೆ ಎಂಬ ಲೆಕ್ಕ ಅವರದು. ಮೊಮ್ಮಗಳೊಡನೆ ಮಾತಾಡಬೇಕೆನಿಸಿದರೆ ಮುಚ್ಚಿದ ಬಾಗಿಲಿನ ಸಂದಿಗೆ ಬಾಯಿಟ್ಟು ಮಾತಾಡುತ್ತಿದ್ದರು. ಒಳಗಿನಿಂದ ಅವಳು, "ಅಜ್ಜ, ನೀನು ಏನು ತಿಂದಿ?" ಎಂದು ಕೂಗುವಳು. "ನಿನ್ ಪಾಲಿಂದೂ ನಾನೇ ತಿಂದೆ" ಎಂದು ಇವರು.

ಪಕ್ಕದ ಮನೆಯ ಹೆಂಗಸು ಮಾತ್ರ ಮಧ್ಯಾಹ್ನವಾದರೆ ಮೊರದಲ್ಲಿ ಹುಣಸೆಹಣ್ಣೋ ಅಕ್ಕಿಯೋ ಹಿಡಿದು ಬಂದು ಕೋಣೆಯಲ್ಲಿ ಕೂರುತ್ತಿದ್ದಳು. ನಲವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. "ನಿಮ್ಮನಿ ಹುಣಸೆ ತಂಪಾಗಿ ಸಿಹಿ ಆಗ್ತೈತೆ ನೋಡ್ರಿ" ಎನ್ನುವಳು. ಅಕ್ಕ ನಗುತ್ತಿದ್ದುದು ಅವಳು ಬಂದಾಗ ಮಾತ್ರ.

ನಾನು ಹೋಗಿ ವಾರವಾಗಿರಬೇಕು. ಒಂದು ದಿನ ಹೊತ್ತು ನೆತ್ತಿಗೆ ಬರುವ ಮೊದಲು ಏಸಿಯ ಮುಖದ ಬಲತುದಿಯಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡಿತು. ಕಡಲೆಕಾಳಿನಷ್ಟು ಚಿಕ್ಕದು. ಅಲ್ಲಿ ದೀಪವಿದೆಯೆಂದೇ ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಮೊದಲು ನೋಡಿದವಳು ಪಕ್ಕದ ಮನೆಯಾಕೆ.

"ಅಯ್ಯ, ಇದೇನ್ರಿ ಇದು ಮಾರಮ್ಮನ ಹಂಗೆ ಕೆಂಗಣ್ಣು ಬಿಟ್ಟೈತೆ?"

ಅಕ್ಕ ಎದ್ದು ನಿಂತಳು. ಯಂತ್ರ ಓಡುತ್ತಲೇ ಇತ್ತು. ಗಾಳಿ ಬರುತ್ತಿತ್ತು. ಸದ್ದಿನಲ್ಲಿ ವ್ಯತ್ಯಾಸವೇನೂ ನನಗೆ ಕೇಳಿಸಲಿಲ್ಲ, ಆದರೆ ಕಿವಿಗೊಟ್ಟು ಕೇಳತೊಡಗಿದ ಮೇಲೆ ಎಲ್ಲ ಸದ್ದೂ ಹೊಸದೇ. ಅಕ್ಕ ಬಾಗಿಲಿಗೆ ಹೋಗಿ, "ಮಾವ, ಮಿಷನ್ನಾಗೆ ಕೆಂಪು ದೀಪ ಹತ್ತೈತೆ" ಎಂದಳು.

ಅವರು ಬಂದ ವೇಗ ನೋಡಿ ನನಗೆ ಭಯವಾಯಿತು. ಒಳಗೆ ಬಂದವರೇ ದೀಪವನ್ನೊಮ್ಮೆ ನೋಡಿದರು, ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದರು. ಯಂತ್ರ ನಡುಗಿ ನಿಂತಿತು. ಸ್ಟೆಬಿಲೈಸರಿನ ಗುಂಯ್ ಸದ್ದೂ ನಿಂತ ಮೇಲೆ ಕೋಣೆಯಲ್ಲಿ ಬೀದಿಯ ಶಬ್ದಗಳು ಕೇಳಿಸಿದವು.

"ಯಾಕ್ರೀ ಮಾವ?" ಎಂದೆ.

"ಕೆಂಪು ದೀಪ ಹತ್ತಿದ್ ಮ್ಯಾಲೆ ಓಡಸ್ಬಾರ್ದವ್ವ. ಕಾಯಿಲ್ ಸುಡ್ತೈತೆ."

ಅವರ ಹೊಲದ ಶೆಡ್ಡಿನಲ್ಲಿ, ಮೋಟರಿನ ಬೋರ್ಡಿನ ಮೇಲೆ, ಅಂಥದೇ ಒಂದು ಕೆಂಪು ದೀಪವಿತ್ತು. ಕರೆಂಟು ಬರುವ ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟರೆ ಅದು ಹತ್ತುತ್ತಿತ್ತು. ಹತ್ತಿದರೆ ಮೋಟರು ಹಾಕಬಾರದು. ಒಮ್ಮೆ ಬೆಳೆ ಬಾಡುತ್ತಿದೆಯೆಂದು ಮನಸ್ಸು ತಡೆಯದೆ ಅವರು ದೀಪ ಹತ್ತಿದ್ದಾಗಲೂ ಹಾಕಿದ್ದರು. ಮೋಟರಿನೊಳಗಿನ ತಂತಿಯ ಸುರುಳಿ ಸುಟ್ಟು, ಅದನ್ನು ಬಿಚ್ಚಿ ದಾವಣಗೆರೆಗೆ ಕೊಂಡೊಯ್ದು ಸುತ್ತಿಸಿಕೊಂಡು ಬರುವಷ್ಟರಲ್ಲಿ ಬೆಳೆ ಮುಗಿದಿತ್ತು. ಆ ಸುತ್ತಿನ ಊರುಗಳಲ್ಲಿ ಬೋರ್‌ವೆಲ್ ಇದ್ದವರೆಲ್ಲ ಕಲಿತಿದ್ದ ಪಾಠ ಅದು, ಕೆಂಪು ದೀಪ ಹತ್ತಿತೆಂದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ಅವರು ಅವಿವೇಕದಿಂದ ಹಾಗೆ ಮಾಡಲಿಲ್ಲ. ಮೇ ತಿಂಗಳು ಇನ್ನೂ ಇಡಿಯಾಗಿ ಮುಂದಿತ್ತು. ಯಂತ್ರ ಸುಟ್ಟರೆ ಬೇಸಿಗೆಯಲ್ಲಿ ಉಳಿದ ಒಂದು ಮಧ್ಯಾಹ್ನಕ್ಕೂ ಮಗುವಿಗೆ ತಂಪಿಲ್ಲ. ಇವತ್ತು ನಿಲ್ಲಿಸಿದರೆ ಇವತ್ತೊಂದು ದಿನ ಮಾತ್ರ.

ಆದರೆ ಇವತ್ತೊಂದು ದಿನವೇ ಸಾಕಾಗಿತ್ತು.

ದೀಪದ ಕೆಳಗೆ ಸಾಸಿವೆಯಷ್ಟು ಚಿಕ್ಕ ಇಂಗ್ಲಿಷ್ ಅಕ್ಷರಗಳಿದ್ದವು. ಸ್ಟೂಲು ಹತ್ತಿ ಓದಿದೆ: ಫಿಲ್ಟರ್. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. "ಗಾಳಿ ಸೋಸೋ ಜಾಲರಿ ಇರುತ್ತೆ ಮಾವ. ಧೂಳು ಕಟ್ಟಿದೆ ಅಂತ ಹೇಳ್ತಿದೆ, ಅಷ್ಟೆ. ತೊಳೆದ್ರೆ ಆಯ್ತು."

ಮುಂದಿನ ಮುಚ್ಚಳದ ಕೆಳಗಿನಿಂದ ಜಾಲರಿಯನ್ನು ಎಳೆದಾಗ ಅದು ಕಂಬಳಿಯ ತುಂಡಿನಂತೆ ಹೊರಬಂತು. ಕೆಂಪು ಧೂಳು, ಕೂದಲು, ಬೀದಿಯಲ್ಲಿ ದಿನವೂ ಹಾದುಹೋಗುವ ಕುರಿಗಳ ಉಣ್ಣೆಯ ಎಳೆಗಳು. "ಇಷ್ಟು ಮಣ್ಣಿದ್ರೆ ನಾನು ಅವರೆ ಬಿತ್ತತಿದ್ದೆ" ಎಂದಳು ಪಕ್ಕದ ಮನೆಯಾಕೆ. ಬಚ್ಚಲಿನಲ್ಲಿ ಅಕ್ಕನೂ ನಾನೂ ಸೇರಿ ತೊಳೆದೆವು. ಬಿಸಿಲಿಗಿಟ್ಟರೆ ಕ್ಷಣದಲ್ಲಿ ಒಣಗಿತು. ಮತ್ತೆ ಕೂರಿಸಿ, ಮಾವನ ಮುಖ ನೋಡಿ, ಸ್ವಿಚ್ಚು ಮೇಲೆತ್ತಿದೆ.

ದೀಪ ತಕ್ಷಣ ಹತ್ತಿತು. ಯಂತ್ರಕ್ಕಿಂತ ಮೊದಲು ಹತ್ತಿತು.

ಮಾವ ಸ್ವಿಚ್ಚು ಇಳಿಸಿದರು. ಜಾಲರಿಯನ್ನು ಮತ್ತೆ ತೆಗೆದು, ಸೋಪುಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಣ್ಣುಕಣ್ಣು ಉಜ್ಜಿ ತಂದು ಹಾಕಿದೆ. ಮತ್ತೆ ಅದೇ ದೀಪ. ಆಗ ಮಾವ, "ಜಾಲರಿದಲ್ಲವ್ವ ಇದು. ಒಳಗೇನೋ ಐತೆ" ಎಂದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನಗೂ ಒಳಗೇನೋ ಇದೆ ಎಂದೇ ಅನಿಸತೊಡಗಿತ್ತು.

ಕೋಣೆಯ ತಂಪು ಗೋಡೆಗಳಿಂದ ಇಳಿದು ಹೋಗುತ್ತಿತ್ತು. ಮಗು ಚಾಪೆಯ ಮೇಲೆ ಕೂತು ಬಟ್ಟೆಯ ಗೊಂಬೆಗೆ ಒದ್ದೆ ಕರವಸ್ತ್ರ ಸುತ್ತುತ್ತಿತ್ತು. "ಚಿಗಮ್ಮ, ಮಿಷನ್ನಿಗೆ ಜ್ವರ ಬಂತಾ?" ಎಂದು ಕೇಳಿತು. ಇಲ್ಲ, ಅದು ಮಲಗಿದೆ ಎಂದೆ. "ಮಲಗಿದ್ರೆ ಕಣ್ಣು ಯಾಕೆ ಬಿಟ್ಟೈತೆ?"

ದಾವಣಗೆರೆಗೆ ಕರೆದೊಯ್ಯೋಣವೆಂದರೆ ಬಸ್ಸೊಂದೇ ದಾರಿ, ಆ ಹೊತ್ತಿನಲ್ಲಿ ಬಸ್ಸಿನ ತಗಡಿನೊಳಗೆ ಮಗುವನ್ನು ಕೂರಿಸುವುದನ್ನು ಯೋಚಿಸಲೂ ಆಗದು. ಟೇಬಲ್ ಫ್ಯಾನು ಹಾಕಿದರೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಪಕ್ಕದ ಮನೆಯಾಕೆ ಹುಣಸೆಯ ಮೊರ ಅಲ್ಲೇ ಬಿಟ್ಟು, ಐಸ್‌ಕ್ಯಾಂಡಿ ಅಂಗಡಿಯಿಂದ ಐಸಿನ ಗಡ್ಡೆ ತರುತ್ತೇನೆಂದು ಸೆರಗು ತಲೆಗೆ ಹೊದ್ದು ಹೊರಟಳು. ನಾನು ಅಂಚೆ ಕಚೇರಿಗೆ ಓಡಿದೆ.

ದಾವಣಗೆರೆಯ ಆ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕುಳಿತೆ. ಲೈನು ಸಿಗುವವರೆಗಿನ ಹೊತ್ತಿನಲ್ಲಿ ನಾನು ಮಾಡಿದ್ದೆಂದರೆ ಎದುರು ಗೋಡೆಯ ಮೇಲೆ ಅಂಟಿಸಿದ್ದ ಉಳಿತಾಯದ ಜಾಹೀರಾತನ್ನು ಪದೇಪದೇ ಓದಿದ್ದು. ಕೊನೆಗೆ ಸಿಕ್ಕಿತು. ಅಂಗಡಿಯವರ ಧ್ವನಿ ಬಾವಿಯೊಳಗಿನಿಂದ ಬಂದಂತಿತ್ತು.

"ಫಿಟ್ಟರ್ ಇಲ್ರಿ ಮೇಡಂ. ಚನ್ನಗಿರಿಗೆ ಹೋಗ್ಯಾನೆ, ಯಾರೋ ಅಡಕೆ ಸಾವ್ಕಾರ್ರ ಮನಿಗೆ ಏಸಿ ಕೂರ್ಸಾಕೆ. ನಾಡಿದ್ದು ಬರ್ತಾನೆ."

ದೀಪದ ವಿಷಯ ಹೇಳಿದೆ. ಎರಡು ಸಲ ಹೇಳಬೇಕಾಯಿತು.

"ದೀಪಾನ? ನಮ್ ಮಿಷನ್ನಿಗೆಲ್ಲ ಅಂಥದ್ದು ಇರಲ್ರಿ. ಅದು ಫಾರಿನ್ದು. ಯಾತಕ್ಕೂ ಆಫ್ ಮಾಡಿ ಇಟ್ಬಿಡ್ರಿ."

ಹಿಂತಿರುಗಿ ನಡೆಯುವಾಗ ಈ ಮಾತನ್ನು ಮನೆಯಲ್ಲಿ ಹೇಳಬೇಕೆ ಬೇಡವೆ ಎಂದು ಯೋಚಿಸಿದೆ. ಹೇಳಿದರೆ ಮಾವನ ಪಟ್ಟು ಇನ್ನೂ ಬಿಗಿಯಾಗುತ್ತದೆ. ಹೇಳದೆ ಯಂತ್ರ ಹಾಕಿಸಿ, ಅದು ಸುಟ್ಟರೆ? ಹೇಳಿದೆ. ಮಾವ ತಲೆಯಾಡಿಸಿದರು. ಗೆದ್ದವರ ಹಾಗೆ ಅಲ್ಲ, ತಾನು ತಪ್ಪಾಗಿದ್ದರೆ ಚೆನ್ನಾಗಿತ್ತು ಎನ್ನುವವರ ಹಾಗೆ.

ಅಷ್ಟರಲ್ಲಿ ಮಗು ಆಟ ಬಿಟ್ಟು ಮಲಗಿತ್ತು. ಕೆನ್ನೆ, ಕಿವಿ ಕೆಂಪಾಗಿದ್ದವು. ಅಕ್ಕ ಅದರ ಬಟ್ಟೆ ಬಿಚ್ಚಿ ಒದ್ದೆ ಪಂಚೆಯಲ್ಲಿ ಸುತ್ತಿದ್ದಳು. ಪಕ್ಕದ ಮನೆಯಾಕೆ ಗೋಣಿಚೀಲದ ತುಂಡಿನಲ್ಲಿ ತಂದ ಗಡ್ಡೆಯನ್ನು ಒರಳಿನ ಗುಂಡಿನಿಂದ ಒಡೆದು ಪಾತ್ರೆಗೆ ಹಾಕುತ್ತ, "ದಾರಿಯಾಗೆ ಅರ್ಧ ಕರಗಿ ನನ್ನೇ ತಂಪು ಮಾಡ್ತು ನೋಡ್ರಿ" ಎಂದಳು. ಯಾರೂ ನಗಲಿಲ್ಲ. ಥರ್ಮಾಮೀಟರಿನ ಪಾದರಸವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೂರಾ ಎರಡು ದಾಟಿತ್ತು. ಅಕ್ಕ ಎಷ್ಟೆಂದು ಕೇಳಲಿಲ್ಲ. ಹಿಂದಿನ ವರ್ಷ ಫಿಟ್ಸ್ ಬರುವ ಮೊದಲು ಹೀಗೇ ಮಾತು ನಿಲ್ಲಿಸಿ ಮಲಗಿತ್ತು ಎಂದು ಮಾತ್ರ ಹೇಳಿದಳು.

ನಾನು ಏಸಿಯ ಮುಂದೆ ನಿಂತೆ. ಬೇರೇನೂ ತೋಚದೆ, ಕ್ಲಾಸಿನಲ್ಲಿ ಹುಡುಗಿಯರಿಗೆ ಹೇಳುವಂತೆ ನನಗೇ ಹೇಳಿಕೊಂಡೆ: ಏನು ಕಂಡೆ, ಅದನ್ನಷ್ಟೇ ಹೇಳು. ಕಂಡದ್ದಿಷ್ಟು. ಸ್ವಿಚ್ಚು ಹಾಕಿದೊಡನೆ ದೀಪ ಹತ್ತುತ್ತದೆ. ಯಂತ್ರ ತಿರುಗುವ ಮೊದಲೇ, ಗಾಳಿ ಜಾಲರಿಯನ್ನು ಮುಟ್ಟುವ ಮೊದಲೇ ಹತ್ತುತ್ತದೆ. ಹಾಗಾದರೆ ಅದು ಈಗಿನ ಯಾವುದನ್ನೂ ಅಳೆಯುತ್ತಿಲ್ಲ. ಗಾಳಿ ಸಾಗುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹಿಂದಿನದು. ಕರೆಂಟು ತೆಗೆದರೂ ಮರೆಯದ ಏನನ್ನೋ ಅದು ಹಿಡಿದುಕೊಂಡಿದೆ. ಯಂತ್ರ ಎಷ್ಟು ಹೊತ್ತು ಓಡಿತೆಂದು ಒಳಗೊಂದು ಗಡಿಯಾರ ಎಣಿಸುತ್ತಿರಬಹುದು. ಇಷ್ಟು ಹೊತ್ತು ಓಡಿದ್ದೀಯೆ, ಈಗ ಜಾಲರಿ ಕೊಳೆಯಾಗಿರಲೇಬೇಕು ಎಂದು ಅದು ಊಹಿಸುತ್ತದೆ. ಹಾಗಿದ್ದರೆ ನಾವು ಎಷ್ಟು ತೊಳೆದರೂ ಅದಕ್ಕೆ ತಿಳಿಯುವ ಬಗೆಯೇ ಇಲ್ಲ. ಯಾರಾದರೂ ಹೇಳಬೇಕು.

ಹೇಳುವುದಕ್ಕೆ ಒಂದು ಗುಂಡಿ ಇರಬೇಕು.

ಯಂತ್ರದ ಮುಖದ ಮೇಲೆ ದೀಪದ ಪಕ್ಕದಿಂದ ಆಚೆ ತುದಿಯವರೆಗೆ ವಿಭೂತಿಯ ಮೂರು ಅಡ್ಡ ಪಟ್ಟೆಗಳಿದ್ದವು, ನಡುವೆ ಕುಂಕುಮ. ಕಳೆದ ಆಯುಧಪೂಜೆಯಲ್ಲಿ ಮಾವ ಬಳಿದದ್ದು. ಹೊಲದ ಮೋಟರಿಗೆ, ನೇಗಿಲಿಗೆ, ಭಾವನ ಸೈಕಲ್ಲಿಗೆ, ಅಕ್ಕನ ಹೊಲಿಗೆ ಯಂತ್ರಕ್ಕೆ ಹಚ್ಚಿದಂತೆ ಇದಕ್ಕೂ ಹಚ್ಚಿದ್ದರು. ಇದಕ್ಕೆ ಸ್ವಲ್ಪ ಹೆಚ್ಚಾಗಿಯೇ, ನೀರಿನಲ್ಲಿ ಗಟ್ಟಿಯಾಗಿ ಕಲಸಿ. ಹಚ್ಚಿದ್ದನ್ನು ಒರೆಸುವ ರೂಢಿ ಆ ಮನೆಯಲ್ಲಿರಲಿಲ್ಲ. ತಾನಾಗಿ ಉದುರಬೇಕು. ಜಾಲರಿ ತೆಗೆಯುವಾಗಲೂ ನಾನು ಆ ಪಟ್ಟೆಗಳಿಗೆ ಕೈ ತಾಗದಂತೆ ನೋಡಿಕೊಂಡಿದ್ದೆ. ಹೆಬ್ಬೆರಳಷ್ಟು ಅಗಲದ ಆ ಪಟ್ಟೆಗಳ ಕೆಳಗೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಮಾವ, ಈ ವಿಭೂತಿ ಸ್ವಲ್ಪ ತೆಗೀಬೇಕಿತ್ತು."

ಅಕ್ಕ ನನ್ನತ್ತ ತಿರುಗಿದಳು.

"ಯಾಕವ್ವ?"

"ಅದ್ರ ಕೆಳಗೆ ಒಂದು ಗುಂಡಿ ಇರಬಹುದು. ಇರಬಹುದು ಅಷ್ಟೆ. ನಂಗೂ ಖಾತ್ರಿ ಇಲ್ಲ."

"ಖಾತ್ರಿ ಇಲ್ದೆ ಈಬತ್ತಿ ತೆಗೀತಿಯಾ?"

ಅವರು ಮಗುವಿನ ಕಡೆ ನೋಡಿದರು. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಐಸಿನ ಪಾತ್ರೆಯಲ್ಲಿ ಅದ್ದಿಕೊಂಡರು. "ನೀನು ಮುಟ್ಟಬ್ಯಾಡ. ನಾನ್ ಹಚ್ಚಿದ್ದು, ನಾನೇ ತೆಗೀತೀನಿ" ಎಂದು ಸ್ಟೂಲು ಹತ್ತಿದರು. ಕಣ್ಣು ಮುಚ್ಚಿ ಏನೋ ಗೊಣಗಿಕೊಂಡು, ದೀಪದ ಪಕ್ಕದಿಂದ ಒರೆಸತೊಡಗಿದರು. ಒರೆಸಿದ ವಿಭೂತಿಯನ್ನು ಬಿಸಾಡದೆ ಹಣೆಗೆ ಹಚ್ಚಿಕೊಂಡರು. ನಾನು ನೋಡುತ್ತಿದ್ದ ಜಾಗದಲ್ಲಿ ಒಂದು ಗುಂಡಿ ಇತ್ತು. ತೊಗರಿಕಾಳಿನಷ್ಟು, ಮುಖಕ್ಕೆ ಸಮನಾಗಿ ಒಳಗೆ ಕುಳಿತದ್ದು. ಅದರ ಸುತ್ತಲಿನ ಸಂದಿಯೆಲ್ಲ ವಿಭೂತಿ ತುಂಬಿ ಸುಣ್ಣದಂತೆ ಗಟ್ಟಿಯಾಗಿತ್ತು. ಕೆಳಗಿನಿಂದಲೇ ಕೈ ಚಾಚಿ ಒತ್ತಿದೆ. ಅಲುಗಲಿಲ್ಲ.

"ತಡಿ" ಎಂದರು ಮಾವ. ಉಡಿದಾರಕ್ಕೆ ಕಟ್ಟಿಕೊಂಡಿದ್ದ ಮುಳ್ಳು ಕೀಳುವ ಚಿಮಟವನ್ನು ಬಿಚ್ಚಿದರು. ಜಾಲಿಯ ಸೀಮೆಯಲ್ಲಿ ನಡೆದಾಡುವವರ ಸೊಂಟದಲ್ಲೆಲ್ಲ ಅದೊಂದು ಇರುತ್ತಿತ್ತು. ಅದರ ಸೂಜಿಯಂಥ ತುದಿಯನ್ನು ಗುಂಡಿಯ ಸುತ್ತ ಆಡಿಸುತ್ತ, ಕುರಿಮರಿಯ ಗೊರಸಿನಿಂದ ಮುಳ್ಳು ತೆಗೆಯುವವರಂತೆ ಉಸಿರು ಬಿಗಿಹಿಡಿದಿದ್ದರು. ಬಿಳಿ ಪುಡಿ ಉದುರಿತು. "ಈಗ ನೋಡು."

ನಾನು ಸ್ವಿಚ್ಚು ಹಾಕಲು ಹೇಳಿದೆ. ಪಕ್ಕದ ಮನೆಯಾಕೆ ಎತ್ತಿದಳು. ದೀಪ ಹತ್ತಿತು. ಗುಂಡಿ ಒತ್ತಿದೆ. ಕಟ್ ಎಂದು ಒಳಗೆ ಏನೋ ಬಿಟ್ಟುಕೊಂಡಿತು. ದೀಪ ಆರಿತು.

ಹೋದ ಜೀವ ಬಂದಂತಾಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಯಾಕೆಂದರೆ ಮಾವ ಸ್ಟೂಲಿನಿಂದ ಇಳಿದವರೇ ಸ್ವಿಚ್ಚನ್ನು ಮತ್ತೆ ಕೆಳಗೆಳೆದರು.

"ದೀಪ ಆರ್ತು. ಸರಿ. ರೋಗ ಹೋಯ್ತಾ?"

"ರೋಗ ಇರಲಿಲ್ಲ ಮಾವ. ಅದು ಬರೀ ನೆನಪು ಮಾಡೋ ದೀಪ."

"ನನ್ ಬೋರ್ಡಿನ ದೀಪಾನೂ ಬಲ್ಬು ಬಿಚ್ಚಿದ್ರೆ ಆರ್ತೈತೆ. ಫೇಸು ಬಂತು ಅಂತನಾ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನು ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದೆನೋ, ಅಥವಾ ಅದು ಕಾಯುತ್ತಿದ್ದ ಉತ್ತರ ಕೊಟ್ಟಿದ್ದೆನೋ? ಗುಂಡಿ ಒತ್ತಿದ ಬೆರಳಿಗೆ ಎರಡೂ ಒಂದೇ. ಜಾಲರಿ ತೊಳೆಯದೆ ಒತ್ತಿದ್ದರೂ ಆ ದೀಪ ಹೀಗೆಯೇ ಆರುತ್ತಿತ್ತು.

"ಸುಟ್ರೆ ನಾನು ಹೊಣೆ" ಎಂದೆ.

"ನಿನ್ ಹೊಣೆ ತಗಂಡು ನಾನೇನ್ ಮಾಡ್ಲವ್ವ? ಅದ್ರಾಗೆ ತಂಪು ಬರ್ತೈತಾ?"

ಆಗ ಅಕ್ಕ ಮಾತಾಡಿದಳು. ಮಾವನೆದುರು ಅವಳು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. "ನೀನು ಹೇಳು" ಎಂದು ನನ್ನನ್ನೇ ಕೇಳಿದಳು. "ಗೊತ್ತಿಲ್ಲ ಅನ್ನಬ್ಯಾಡ. ಹಾಕ್ಬೇಕಾ, ಬ್ಯಾಡ್ವಾ?"

ನನಗೆ ಗೊತ್ತಿರಲಿಲ್ಲ. ಹಾಗೆ ಇರಬೇಕೆಂದು ತರ್ಕದಿಂದ ಅನಿಸಿತ್ತು, ಗುಂಡಿ ಸಿಕ್ಕಿದ್ದು ಆ ತರ್ಕಕ್ಕೆ ಒಂದು ಸಾಕ್ಷಿ. ಅದಕ್ಕಿಂತ ಹೆಚ್ಚಿನದೇನೂ ನನ್ನ ಬಳಿ ಇರಲಿಲ್ಲ. "ಹಾಕಬೇಕು" ಎಂದೆ. ಅಕ್ಕ ಎದ್ದು, ಮಾವನ ಕೈಯ ಪಕ್ಕದಿಂದ ಕೈ ಚಾಚಿ ಸ್ವಿಚ್ಚು ಎತ್ತಿದಳು. ಅವರು ತಡೆಯಲಿಲ್ಲ.

ಮೊದಲು ಫ್ಯಾನು ತಿರುಗಿತು. ಆಮೇಲೆ ಒಳಗಿನ ದೊಡ್ಡ ಸದ್ದು ಬರಬೇಕು. ಬರಲಿಲ್ಲ. ಒಮ್ಮೆ ನಿಂತ ಯಂತ್ರ ಮತ್ತೆ ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೊತ್ತು ಮುಗಿಯದಂತಿತ್ತು. ಕೊನೆಗೆ ಗಕ್ಕನೆ ನಡುಗಿ ಹಿಡಿಯಿತು. ಮಾವ ಯಂತ್ರದ ಪಕ್ಕೆಗೆ ಅಂಗೈ ಊರಿ ನಿಂತರು, ಮೂಗು ಹತ್ತಿರ ತಂದು ವಾಸನೆ ನೋಡಿದರು. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಸುರುಳಿ ಹೋಯಿತೆಂದು ಅರ್ಥ. ನಾನೂ ಮೂಸಿದೆ. ಸೋಪುಪುಡಿಯ ವಾಸನೆ ಮಾತ್ರ ಬರುತ್ತಿತ್ತು.

ಆ ಮಧ್ಯಾಹ್ನವೆಲ್ಲ ಅವರು ಕೋಣೆಯಿಂದ ಹೊರಗೆ ಹೋಗಲಿಲ್ಲ. ಮೊದಲ ಸಲ ಆ ತಂಪಿನಲ್ಲಿ ಕುಳಿತಿದ್ದರು, ಗೋಡೆಗೊರಗಿ, ಸ್ವಿಚ್ಚಿನ ಕೆಳಗೆ, ಕೈ ಎಟಕುವಷ್ಟು ದೂರದಲ್ಲಿ. ಜಾಲರಿ ಚೊಕ್ಕವಾಗಿದ್ದರಿಂದ ಗಾಳಿ ಮೊದಲಿಗಿಂತ ಜೋರಾಗಿತ್ತು. ಅಕ್ಕ ಒದ್ದೆ ಪಂಚೆ ಬದಲಿಸುತ್ತಲೇ ಇದ್ದಳು. ಪಾದರಸ ಇಳಿಯಿತು, ಆದರೆ ನಿಧಾನವಾಗಿ, ನಾನು ನೋಡಿದಾಗಲೆಲ್ಲ ನಿಂತಂತೆ ಕಾಣುತ್ತ. ಹೊರಗೆ ಕುರಿಗಳು ಮನೆಗೆ ಮರಳುವ ಸದ್ದು ಕೇಳುವ ಹೊತ್ತಿಗೆ ಮಗು ಕಣ್ಣು ಬಿಟ್ಟು, ಗೋಡೆಗೊರಗಿದ್ದ ಅಜ್ಜನನ್ನು ನೋಡಿ, "ಅಜ್ಜ ಒಳಗ್ ಬಂದೈತೆ" ಎಂದಿತು. ದೂರು ಹೇಳುವ ಧ್ವನಿಯಲ್ಲಿ.

"ನಿನ್ ತಂಪು ಕದಿಯಾಕೆ ಬಂದೀನಿ" ಎಂದರು ಅವರು.

ಆಮೇಲಿನ ದಿನಗಳಲ್ಲಿ ಯಂತ್ರ ಓಡಿತು. ಫಿಟ್ಟರ್ ಬಂದು ನೋಡಿ, ಇದಕ್ಕೇನೂ ಆಗಿಲ್ಲ ಎಂದು ಹೇಳಿ ಹೋದ. ಆದರೂ ನನ್ನ ಅಳುಕು ಹೋಗಲಿಲ್ಲ. ನಿದ್ದೆಯಿಂದೆದ್ದೊಡನೆ ಮೊದಲು ನೋಡುತ್ತಿದ್ದುದು ಆ ಚುಕ್ಕೆಯ ಕಡೆ. ಅದು ಕಪ್ಪಾಗಿದ್ದರೆ ನೆಮ್ಮದಿ ಆಗಬೇಕಿತ್ತು. ಆದರೆ ಅದು ಯಾವುದನ್ನೂ ಕಾಣುವುದಿಲ್ಲ, ಬರೀ ಎಣಿಸುತ್ತದೆ ಎಂದು ತಿಳಿದ ಮೇಲೆ ಅದರ ಕತ್ತಲೆಯಲ್ಲೂ ನನಗೆ ನಂಬಿಕೆ ಇರಲಿಲ್ಲ. ನಾನು ಸುಮ್ಮಸುಮ್ಮನೆ ಜಾಲರಿ ಎಳೆದು ನೋಡುತ್ತಿದ್ದೆ. ಪಕ್ಕದ ಮನೆಯಾಕೆ, "ನಿಮ್ ತಂಗಿ ಅದ್ರ ಹಲ್ಲು ಎಣಿಸ್ತಾಳೆ ನೋಡ್ರಿ, ದನ ಕೊಳ್ಳೋರ ಹಂಗೆ" ಎನ್ನುತ್ತಿದ್ದಳು.

ರಜೆ ಮುಗಿದು ನಾನು ಹೊರಡುವ ಹಿಂದಿನ ದಿನ ದೀಪ ಮತ್ತೆ ಹತ್ತಿತು. ಈ ಸಲ ಯಾರೂ ಓಡಲಿಲ್ಲ. ಮೋಡ ಕಟ್ಟಿ ಒಂದೆರಡು ಮಳೆಯಾಗಿದ್ದರೂ ಸೆಕೆ ತಗ್ಗಿರಲಿಲ್ಲ. ಅಕ್ಕ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಯಂತ್ರ ನಿಲ್ಲಿಸಿ ಜಾಲರಿ ತೊಳೆದು, ನೇರವಾಗಿ ಪಡಸಾಲೆಗೆ ಕೊಂಡೊಯ್ದಳು. ಮಾವ ಅದನ್ನು ತೆಗೆದುಕೊಂಡು ಅಂಗಳಕ್ಕಿಳಿದು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಮೂಲೆಯಿಂದ ಮೂಲೆಗೆ ನೋಡಿದರು. ಇದು ಅವರೇ ಮಾಡಿದ ಕಟ್ಟಳೆ. ತೊಳೆದ ಜಾಲರಿಯನ್ನು ತನಗೆ ತೋರಿಸದೆ ಯಾರೂ ಗುಂಡಿ ಮುಟ್ಟುವಂತಿಲ್ಲ.

"ಈ ಮೂಲ್ಯಾಗೆ ಇನ್ನಾ ಐತೆ."

"ಎಲ್ಲೈತೆ ಮಾವ?"

"ಇಲ್ಲಿ. ಉಣ್ಣಿ ಎಳಿ."

ಅಕ್ಕ ಮತ್ತೆ ಬಚ್ಚಲಿಗೆ ಹೋದಳು. ಎರಡನೆಯ ಸಲ ತಂದಾಗ ಅವರು ಇನ್ನೂ ಹೊತ್ತು ನೋಡಿ ಹಿಂದಕ್ಕೆ ಕೊಟ್ಟರು. "ಈಗ ಒತ್ತು."

ನಾನು ಕೋಣೆಯಲ್ಲಿ ಬಟ್ಟೆ ಮಡಿಸಿ ಬ್ಯಾಗಿಗೆ ಇಡುತ್ತಿದ್ದೆ. ಅಕ್ಕ ಒಳಗೆ ಬಂದು ಜಾಲರಿ ಕೂರಿಸಿ ಸ್ವಿಚ್ಚು ಹಾಕಿದಳು. ನಾನು ಎದ್ದು ಹೋಗಲಿಲ್ಲ, ಹೇಗೆಂದು ಹೇಳಲೂ ಇಲ್ಲ. ಅವಳು ಸ್ಟೂಲು ಹತ್ತಿ ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ತಡೆದಳು. ಆಮೇಲೆ ಒತ್ತಿದಳು. ಕಟ್ ಎಂಬ ಸದ್ದು ನನಗೂ ಕೇಳಿಸಿತು. ದೀಪ ಆರಿತೇ ಎಂದು ನಾನು ತಲೆಯೆತ್ತಿ ನೋಡಿದೆ. ಅಕ್ಕ ನೋಡಲಿಲ್ಲ. ಆಗಲೇ ಕೆಳಗಿಳಿದು, ಮಲಗಿದ್ದ ಮಗುವಿನ ಕತ್ತಿನ ಹಿಂದೆ ಕೈ ತೂರಿಸಿ ಬಿಸಿ ನೋಡುತ್ತಿದ್ದಳು.